ಗ್ರಾಫ್ ಸರಿ ಇದೆ, ಬೇಸ್ ಸರಿ ಇಲ್ಲ: ಪೋರ್ಟ್ ಇರುವ ಸಬ್‌ವೂಫರ್ ಡಬ್ಬದ ದೋಷ ಹುಡುಕುವುದು ಹೇಗೆ

ಸ್ಪೀಕರ್ ಡಬ್ಬದ ಲೆಕ್ಕ ಹಾಕುವ ವಿನ್‌ಐಎಸ್‌ಡಿ ಸಾಫ್ಟ್‌ವೇರಿನಲ್ಲಿ ಗೆರೆ ಚೆನ್ನಾಗಿಯೇ ಬಂದಿತ್ತು. 30 ಹರ್ಟ್ಜ್‌ವರೆಗೆ ನೆಟ್ಟಗಿತ್ತು, ಆಮೇಲೆ ಇಳಿಯಿತು. ಪ್ಲೈವುಡ್ ತಂದಿರಿ, ಕೊಯ್ಸಿದಿರಿ, ಅಂಟಿಸಿದಿರಿ, ವೂಫರ್ ಕೂರಿಸಿದಿರಿ. ಹಾಡು ಹಾಕಿದರೆ ಬೇಸೇ ಇಲ್ಲ. ಅಥವಾ ಇದೆ, ಆದರೆ ಎಲ್ಲ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಅಥವಾ ಪೋರ್ಟಿನ, ಅಂದರೆ ಡಬ್ಬದ ಗಾಳಿ ಆಡಲು ಹಾಕಿದ ಪೈಪಿನ, ಬಾಯಿಂದ ಬುಸ್ ಬುಸ್ ಅಂತ ಗಾಳಿ.

ನಾನು ಹಾಸನದಲ್ಲಿ ಕೂತು ಇಂಥ ಹತ್ತು ಹನ್ನೆರಡು ಡಬ್ಬ ಮಾಡಿದ್ದೇನೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಗೆಳೆಯರ ಡಬ್ಬಗಳನ್ನೂ ಬಿಚ್ಚಿ ನೋಡಿದ್ದೇನೆ. ಸಾಫ್ಟ್‌ವೇರ್ ಲೆಕ್ಕ ತಪ್ಪಿದ್ದನ್ನು ಒಂದು ಸಲವೂ ಕಂಡಿಲ್ಲ. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಹಾಕಿಕೊಟ್ಟ ಲೆಕ್ಕವನ್ನೇ ಈ ಪ್ರೋಗ್ರಾಂಗಳೆಲ್ಲ ಮಾಡುತ್ತವೆ, ಅದು ಗಟ್ಟಿ ಲೆಕ್ಕ. ಆಗುವುದೇನೆಂದರೆ, ನಾವು ಟೈಪ್ ಮಾಡಿದ ಡಬ್ಬವೇ ಬೇರೆ, ಎದುರಿಗೆ ಕೂತಿರುವ ಡಬ್ಬವೇ ಬೇರೆ. ಅದಕ್ಕೇ ಏನನ್ನೂ ಕೊಯ್ಯುವ ಮುಂಚೆ, ಹೊಸ ವೂಫರ್ ತರುವ ಮುಂಚೆ, ಇರುವ ಡಬ್ಬವನ್ನು ಅಳೆಯಬೇಕು. ಕೆಳಗಿನದೆಲ್ಲ ಆ ದಾರಿಯಲ್ಲೇ ಇದೆ. ನಿಮ್ಮ ತೊಂದರೆ ಯಾವುದೋ ಆ ಭಾಗಕ್ಕೆ ಹೋಗಿ, ಆದರೆ ಇದೊಂದನ್ನು ಮೊದಲು ಓದಿಕೊಳ್ಳಿ.

ಕೈ ಹಾಕುವ ಮುಂಚೆ

ವೈರ್ ಬದಲಾಯಿಸುವಾಗೆಲ್ಲ ಆಂಪ್ (ಆಂಪ್ಲಿಫೈಯರ್) ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಆಂಪಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಪರೀಕ್ಷೆಯ ಟೋನ್ ಹಾಕುವಾಗ ವಾಲ್ಯೂಮ್ ಸೊನ್ನೆಯಿಂದ ಶುರು ಮಾಡಿ. 25 ಹರ್ಟ್ಜ್ ಕಿವಿಗೆ ಸರಿಯಾಗಿ ಕೇಳಿಸುವುದೇ ಇಲ್ಲ, ಕೇಳಿಸಲಿ ಅಂತ ಏರಿಸುತ್ತಾ ಹೋದರೆ ಅಷ್ಟರಲ್ಲಿ ಕೋನ್ (ವೂಫರಿನಲ್ಲಿ ಒಳಗೆ ಹೊರಗೆ ಆಡುವ ಭಾಗ) ತನ್ನ ಮಿತಿ ದಾಟಿರುತ್ತದೆ. ಮರ, ಎಂಡಿಎಫ್ ಹಲಗೆ ಕೊಯ್ಯುವಾಗ ಮಾಸ್ಕ್ ಬೇಕೇ ಬೇಕು.

ಸುಟ್ಟ ವಾಸನೆ ಬಂದರೆ, ಕೋನ್ ಆಡಿಸಿದಾಗ ಒಳಗೆ ಏನೋ ಉಜ್ಜಿದ ಹಾಗೆ ಸದ್ದು ಬಂದರೆ, ಅಥವಾ ಆಂಪ್ ಆನ್ ಮಾಡಿದ ಕೂಡಲೇ ಕೋನ್ ಒಂದು ಕಡೆಗೆ ಎಳೆದುಕೊಂಡು ಅಲ್ಲೇ ನಿಂತರೆ, ಅಲ್ಲಿಗೆ ನಿಲ್ಲಿಸಿ. ಮೊದಲ ಎರಡು ಬಂದರೆ ಕೋನ್ ಆಡಿಸುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಕೆಟ್ಟಿರುತ್ತದೆ ಅಥವಾ ಜಾಗ ಬಿಟ್ಟು ಸರಿದಿರುತ್ತದೆ. ಮೂರನೆಯದಾದರೆ ಆಂಪ್ ಡಿಸಿ, ಅಂದರೆ ಬ್ಯಾಟರಿ ಥರ ಒಂದೇ ದಿಕ್ಕಿನ ಕರೆಂಟ್, ಕೊಡುತ್ತಿದೆ. ಇವಕ್ಕೆ ಡಬ್ಬದಲ್ಲಿ ಔಷಧಿ ಇಲ್ಲ. ವೂಫರ್ ರೀಕೋನ್ ಮಾಡುವವರ (ಕೋನ್, ಕಾಯಿಲ್ ಹೊಸದಾಗಿ ಹಾಕುವವರ) ಹತ್ತಿರ, ಆಂಪ್ ರಿಪೇರಿಯವರ ಹತ್ತಿರ ಹೋಗಬೇಕು. ಊರಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರನ್ನು ಕೇಳಿ, ಯಾರು ಚೆನ್ನಾಗಿ ಮಾಡುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಬೇಸೇ ಇಲ್ಲ, ವೂಫರ್ ಆಡುತ್ತಿದೆ ಆದರೆ ಸದ್ದು ತೆಳು

ಖರ್ಚಿಲ್ಲದ ಪರೀಕ್ಷೆ ಮೊದಲು. ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಳ್ಳಿ. ಆಂಪಿನ ವೈರ್ ಬಿಚ್ಚಿ, ಸೆಲ್ಲಿನ ಪ್ಲಸ್ಸನ್ನು ವೂಫರ್ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬರಬೇಕು. ಎರಡು ವೂಫರ್ ಇದ್ದರೆ ಎರಡೂ ಒಂದೇ ಕಡೆಗೆ ಹೋಗಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಬೇಸ್ ಅಲ್ಲೇ ಸತ್ತುಹೋಗುತ್ತದೆ.

ಒಂದೇ ವೂಫರ್, ಆದರೆ ಎರಡು ಕಾಯಿಲ್ ಇರುವಂಥದ್ದಾದರೆ ಎರಡೂ ಕಾಯಿಲ್ಲಿನ ಪ್ಲಸ್ ಮೈನಸ್ ಸರಿ ಸೇರಿವೆಯಾ ನೋಡಿ. ಒಂದು ಉಲ್ಟಾ ಆದರೆ ಕೋನ್ ಆಡುವುದೇ ಇಲ್ಲ, ಕಾಯಿಲ್ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ. ಇದು ಅಪಾಯ, ಯಾಕೆಂದರೆ ಸದ್ದಿಲ್ಲ ಅಂತ ನಾವು ವಾಲ್ಯೂಮ್ ಏರಿಸುತ್ತೇವೆ.

ವೈರಿಂಗ್ ಸರಿ ಇದ್ದರೆ ಡಬ್ಬದ ಜಾಗ ಬದಲಿಸಿ. ಕೋಣೆಯೇ ಬೇಸ್ ನುಂಗುತ್ತಿರಬಹುದು. ನೀವು ಕೂರುವ ಕುರ್ಚಿಯ ಜಾಗದಲ್ಲೇ ಡಬ್ಬ ಇಟ್ಟು ಹಾಡು ಹಾಕಿ, ಗೋಡೆ ಪಕ್ಕ ಮಂಡಿಯೂರಿ ಸುತ್ತ ಒಂದು ಬಳಸು ಬನ್ನಿ. ಎಲ್ಲಿ ಬೇಸ್ ತುಂಬಿಕೊಂಡು, ಸಮನಾಗಿ ಕೇಳಿಸುತ್ತದೋ ಅಲ್ಲಿ ಡಬ್ಬ ಇಡಿ.

ಮಲೆನಾಡಿನ ಹಂಚಿನ ಮನೆಯವರಿಗೆ ಒಂದು ಮಾತು. ಸಾಫ್ಟ್‌ವೇರ್ ತೋರಿಸುವ ಗೆರೆ ಗೋಡೆ ಇಲ್ಲದ ಬಯಲಿನ ಲೆಕ್ಕ. ನಾಲ್ಕು ಕಡೆ ಮುಚ್ಚಿದ ಚಿಕ್ಕ ಆರ್‌ಸಿಸಿ ಕೋಣೆಯಲ್ಲಿ ಆಳದ ಬೇಸ್ ಆ ಗೆರೆಗಿಂತ ಜಾಸ್ತಿ ಸಿಗುತ್ತದೆ, ಕಾರಿನೊಳಗೆ ಇನ್ನೂ ಜಾಸ್ತಿ. ಹಂಚಿನ ಸಂದಿಯಲ್ಲಿ, ಜಗಲಿ ಕಡೆಯಿಂದ ಗಾಳಿ ಆಡುವ ದೊಡ್ಡ ಹಜಾರದಲ್ಲಿ ಆ ಹೆಚ್ಚುವರಿ ಸಿಗುವುದಿಲ್ಲ. ಪೇಟೆ ಗೆಳೆಯನ ಮನೆಯಲ್ಲಿ ಎದೆಗೆ ಗುದ್ದಿದ ಡಬ್ಬ ತೋಟದ ಮನೆಯಲ್ಲಿ ಸಪ್ಪೆ ಅನ್ನಿಸಿದರೆ ಡಬ್ಬದ ತಪ್ಪಲ್ಲ.

ಗರಗರ, ಜುಯ್, ಸಿಳ್ಳೆ

ಇದು ಮುಕ್ಕಾಲು ಪಾಲು ಡಬ್ಬದಿಂದ ಬರುವ ಸದ್ದೇ ಅಲ್ಲ. ಕಿಟಕಿ ಗಾಜು, ಟಿವಿ ಸ್ಟ್ಯಾಂಡ್, ಗೋಡೆಯ ಫೋಟೋ, ಷೋಕೇಸಿನ ಸ್ಟೀಲ್ ಲೋಟ. ಸೈನ್ ಟೋನ್ ಆಪ್‌ನಲ್ಲಿ 20ರಿಂದ 80 ಹರ್ಟ್ಜ್‌ವರೆಗೆ ನಿಧಾನ ಏರಿಸುತ್ತಾ ಹೋಗಿ, ಸದ್ದು ಬಂದ ಕಡೆ ನಿಲ್ಲಿಸಿ, ಒಂದೊಂದಾಗಿ ಕೈ ಇಟ್ಟು ನೋಡಿ.

ಡಬ್ಬದ್ದೇ ಅಂತ ಖಚಿತವಾದರೆ ಸ್ಕ್ರೂಗಳನ್ನು ಎದುರು ಬದುರಾಗಿ ಸಮನಾಗಿ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿದರೆ ವೂಫರ್ ಫ್ರೇಮ್ ಸೊಟ್ಟಗಾಗುತ್ತದೆ. ಒಳಗಿನ ವೈರ್ ಕೋನ್‌ಗೆ ತಾಗುತ್ತಿಲ್ಲ ತಾನೆ?

ಆಮೇಲೆ ಗಾಳಿ ಸೋರಿಕೆ. ದೇವರ ಮನೆಯಿಂದ ಒಂದು ಊದುಬತ್ತಿ ತನ್ನಿ. ಫ್ಯಾನ್ ಆಫ್ ಮಾಡಿ, 30 ಹರ್ಟ್ಜ್ ಟೋನ್ ಸಣ್ಣಗೆ ಹಾಕಿ, ಹೊಗೆಯನ್ನು ಡಬ್ಬದ ಮೂಲೆ, ಅಂಚು, ವೂಫರ್ ಸುತ್ತ, ಟರ್ಮಿನಲ್ ಸುತ್ತ ನಿಧಾನ ತಿರುಗಿಸಿ. ಗಾಳಿ ಸೋರದ ಕಡೆ ಹೊಗೆ ನೂಲಿನ ಹಾಗೆ ನೇರ ಏರುತ್ತದೆ. ಸೋರುವ ಕಡೆ ಚದುರಿ ನಡುಗುತ್ತದೆ. ನನ್ನ ಒಂದು ಡಬ್ಬದಲ್ಲಿ ಹೀಗೆ ಸಿಕ್ಕಿದ್ದು ಟರ್ಮಿನಲ್ ಪ್ಲೇಟಿನ ಹಿಂದೆ, ಬೆರಳುಗುರಿನಷ್ಟು ದಪ್ಪ ಇಲ್ಲದ ಸಂದಿ. ಅಷ್ಟಕ್ಕೇ ಸಿಳ್ಳೆ ಬರುತ್ತಿತ್ತು. ಬೆಂಕಿ ಕಿಡಿ ಕೋನ್ ಮೇಲೆ, ಸದ್ದು ಹೀರಲು ಒಳಗೆ ಹಾಕಿದ ಹತ್ತಿಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಊದುಬತ್ತಿ ಇಲ್ಲದೆ ಇನ್ನೊಂದು ದಾರಿ: ಆಂಪ್ ಆಫ್ ಮಾಡಿ, ಒಬ್ಬರು ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿಯಲಿ, ಇನ್ನೊಬ್ಬರು ಕೋನನ್ನು ಎರಡೂ ಕೈ ಬೆರಳಲ್ಲಿ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಲಿ. ನಿಧಾನ ವಾಪಸ್ ಬಂದರೆ ಡಬ್ಬ ಗಟ್ಟಿ. ಟಕ್ಕನೆ ಬಂದರೆ ಎಲ್ಲೋ ಸೋರುತ್ತಿದೆ.

ಸೋರುವ ಕಡೆ ಒಳಗಿನಿಂದ ಸಿಲಿಕೋನ್ ಹಚ್ಚಿ. ಹುಳಿ ವಾಸನೆ ಬರುವ ಸಿಲಿಕೋನ್ ಆದರೆ ವೂಫರ್ ಹೊರಗೇ ಇರಲಿ. ಒಂದು ಪೂರ್ತಿ ದಿನ ಒಣಗಿ ವಾಸನೆ ಹೋದ ಮೇಲೆ ಕೂರಿಸಿ, ಆ ಹಬೆ ವೂಫರಿನ ಅಂಟಿಗೆ ಒಳ್ಳೆಯದಲ್ಲ.

ಆಳದ ಬೇಸ್ ಬರುತ್ತಿಲ್ಲ, 40ರ ಹತ್ತಿರ ಮಾತ್ರ ಗುದ್ದುತ್ತದೆ

ಎಲ್ಲಕ್ಕಿಂತ ಜಾಸ್ತಿ ನೋಡಿದ ದೋಷ ಇದು. ನಾನೇ ಮಾಡಿದ ತಪ್ಪೂ ಹೌದು. ಅದಕ್ಕೇ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಡಬ್ಬದ ಟ್ಯೂನಿಂಗ್, ಅಂದರೆ ಎಫ್‌ಬಿ, ವೂಫರಿನಿಂದ ಬರುವುದಲ್ಲ. ಡಬ್ಬದೊಳಗೆ ಎಷ್ಟು ಲೀಟರ್ ಗಾಳಿ ಇದೆ, ಪೈಪ್ ಎಷ್ಟು ಅಗಲ, ಎಷ್ಟು ಉದ್ದ, ಇಷ್ಟೇ ಅದನ್ನು ತೀರ್ಮಾನಿಸುವುದು. ಖಾಲಿ ಬಾಟಲಿ ಬಾಯಿಗೆ ಊದಿದರೆ ಬರುವ ಸ್ವರದ ಹಾಗೆ. ಹಾಗಾಗಿ ಟ್ಯೂನಿಂಗ್ ತಪ್ಪಿದರೆ ವೂಫರ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಈಗ ನಿಮ್ಮ ಡಬ್ಬದ ನಿಜವಾದ ಎಫ್‌ಬಿ ಎಷ್ಟು? ಇದಕ್ಕೆ ಬೇಕಿರುವುದು ಆರೇಳು ಅಕ್ಕಿ ಕಾಳು, ಅಷ್ಟೇ. ಡಬ್ಬವನ್ನು ವೂಫರ್ ಮೇಲೆ ನೋಡುವ ಹಾಗೆ ಮಲಗಿಸಿ. ಪೈಪಿನ ಬಾಯಿ ನೆಲಕ್ಕೆ ಮುಚ್ಚಿಕೊಳ್ಳಬಾರದು. ಬೇಸ್ ಬೂಸ್ಟ್, ಈಕ್ವಲೈಸರ್ ಎಲ್ಲ ಆಫ್ ಮಾಡಿ. ಕೋನಿನ ನಡುವಿನ ಉಬ್ಬಿನ ಮೇಲೆ ಅಕ್ಕಿ ಹಾಕಿ 50 ಹರ್ಟ್ಜ್ ಟೋನ್ ಕೊಡಿ. ಕಾಳುಗಳು ಕುಣಿಯುವಷ್ಟು ವಾಲ್ಯೂಮ್ ಸಾಕು. ಈಗ ಒಂದೊಂದೇ ಹರ್ಟ್ಜ್ ಇಳಿಸುತ್ತಾ ಬನ್ನಿ. ಕುಣಿತ ಕಡಿಮೆಯಾಗುತ್ತಾ ಬಂದು, ಒಂದು ಜಾಗದಲ್ಲಿ ಕಾಳುಗಳು ಹೆಚ್ಚುಕಡಿಮೆ ಸುಮ್ನೆ ಕೂರುತ್ತವೆ. ಪೈಪಿನ ಬಾಯಿಗೆ ಕೈ ಹಿಡಿದರೆ ಅದೇ ಹೊತ್ತಿಗೆ ಗಾಳಿ ಜೋರಾಗಿ ಆಡುತ್ತಿರುತ್ತದೆ. ಅದೇ ಎಫ್‌ಬಿ. ಅದಕ್ಕಿಂತ ಕೆಳಗೆ ಇಳಿಸಿದರೆ ಕಾಳು ಮತ್ತೆ ಜಿಗಿಯಲು ಶುರು, ಈ ಸಲ ಜೋರಾಗಿ. ಅಲ್ಲಿಗೆ ಟೋನ್ ನಿಲ್ಲಿಸಿ.

ಮೊದಲ ಸಲ ಇದನ್ನು ನೋಡಿದಾಗ ನನಗೆ ರೋಮಾಂಚನ ಆಗಿತ್ತು. ಅಷ್ಟು ದೊಡ್ಡ ಹನ್ನೆರಡು ಇಂಚಿನ ಕೋನ್ ನಿಂತೇಬಿಟ್ಟಿದೆ, ಸದ್ದು ಮಾತ್ರ ಪೈಪಿನಿಂದ ಬರುತ್ತಿದೆ. ಆದರೆ ಅದು ನಿಂತಿದ್ದು 36ರಲ್ಲಿ. ನಾನು ಕೇಳಿದ್ದು 30.

ತಪ್ಪು ಎಲ್ಲಿತ್ತು ಅಂದರೆ, ನಾನು 45 ಸೆಂ.ಮೀ. ಚೌಕದ ಡಬ್ಬ ಅಂತ ಲೆಕ್ಕ ಹಾಕಿ 91 ಲೀಟರ್ ಅಂತ ಟೈಪ್ ಮಾಡಿದ್ದೆ. ಆಚಾರ್ರನ್ನು ಕೇಳಿದರೆ, "ಸಾರ್, ನಲವತ್ತೈದು ಅಂದ್ರಿ, ಅಂಚಿಂದ ಅಂಚಿಗೆ ನಲವತ್ತೈದೇ ಇದೆ ನೋಡಿ" ಅಂದರು. ಅವರು ಹೇಳಿದ್ದು ಸರಿ. ಅಳತೆ ಹೊರಗಿನದು ಅಂತ ಅವರು ತಿಳಿದರು, ನಾನು ಒಳಗಿನದು ಅಂತ ಹೇಳಿರಲೇ ಇಲ್ಲ. 18 ಎಂ.ಎಂ. ಪ್ಲೈ ಎರಡೂ ಕಡೆ ತೆಗೆದರೆ ಒಳಗೆ 41.4 ಸೆಂ.ಮೀ. ಅದರ ಘನ ಸುಮಾರು 71 ಲೀಟರ್. ಇಪ್ಪತ್ತು ಲೀಟರ್ ಮರದಲ್ಲೇ ಹೋಯಿತು. ಅದರಿಂದ ವೂಫರಿನ ಹಿಂಭಾಗ ಸುಮಾರು 3.5 ಲೀಟರ್, ಪೈಪ್ 2 ಲೀಟರಿಗೂ ಸ್ವಲ್ಪ ಜಾಸ್ತಿ, ಒಳಗಿನ ಅಡ್ಡಪಟ್ಟಿ 2 ಲೀಟರ್ ಕಳೆದರೆ ಉಳಿದದ್ದು 63. ಸಾಫ್ಟ್‌ವೇರ್ 91 ಲೀಟರಿಗೆ ಅಂತ 23.5 ಸೆಂ.ಮೀ. ಪೈಪ್ ಕೊಟ್ಟಿತ್ತು. ಅದೇ ಪೈಪ್ 63 ಲೀಟರಿಗೆ ಹಾಕಿದರೆ ಲೆಕ್ಕದಲ್ಲೂ 36 ಹರ್ಟ್ಜೇ ಬರುತ್ತದೆ. ಸರಿಯಾದ ಅಂಕಿ ಕೊಟ್ಟು ಮತ್ತೆ ಮಾಡಿ ನೋಡಿದಾಗ ಗ್ರಾಫ್, ಅಕ್ಕಿ ಎರಡೂ ಒಂದೇ ಮಾತು ಹೇಳಿದವು.

ಹಾಗಾಗಿ ಟೇಪ್ ತೆಗೆದುಕೊಂಡು ನಿಮ್ಮ ಡಬ್ಬದ ಒಳಗಿನ ಅಳತೆ ಮತ್ತೆ ತೆಗೆಯಿರಿ. ಮರಗೆಲಸದವರು 18 ಎಂ.ಎಂ. ಹಲಗೆಯನ್ನು ಮುಕ್ಕಾಲು ಇಂಚು ಅಂತ ಲೆಕ್ಕ ಹಿಡಿಯುವುದು ಉಂಟು, ಅದು 19 ಎಂ.ಎಂ. ಆಗುತ್ತದೆ. ಅದರಿಂದ ಆಗುವ ವ್ಯತ್ಯಾಸ ಚಿಕ್ಕದು, ತಲೆಕೆಡಿಸಿಕೊಳ್ಳಬೇಡಿ. ಹೊರಗಿನದೋ ಒಳಗಿನದೋ ಅನ್ನುವುದೇ ದೊಡ್ಡ ವ್ಯತ್ಯಾಸ.

ಎರಡನೆಯದು ಪೈಪ್. ಅಂಗಡಿಯಲ್ಲಿ 110 ಎಂ.ಎಂ. ಪಿವಿಸಿ ಅಂದರೆ ಅದು ಹೊರಗಿನ ಅಗಲ. ಒಳಗಿನದು ಪೈಪಿನ ದಪ್ಪದ ಮೇಲೆ ಹೋಗುತ್ತದೆ, ನನ್ನ ಹತ್ತಿರ ಇದ್ದದ್ದು 104 ಇತ್ತು. 60 ಲೀಟರ್ ಡಬ್ಬಕ್ಕೆ 11 ಸೆಂ.ಮೀ. ಅಂತ ಟೈಪ್ ಮಾಡಿ ಬಂದ ಉದ್ದಕ್ಕೆ ಈ ಪೈಪ್ ಕೊಯ್ದರೆ 30ರ ಬದಲು 28.5 ಸಿಗುತ್ತದೆ. ದೊಡ್ಡ ಅನಾಹುತವಲ್ಲ, ಆದರೂ ಸ್ಕೇಲ್ ಇಟ್ಟು ಒಳಗಿನ ಅಗಲ ಅಳೆದು ಹಾಕಿ. ಪೈಪಿನ ಉದ್ದದಲ್ಲಿ ಮುಂದಿನ ಹಲಗೆಯ ದಪ್ಪವೂ ಸೇರುತ್ತದೆ, ಅದನ್ನು ಮರೆಯಬೇಡಿ. ಪೈಪಿನ ಬದಲು ಮರದ ಸಂದಿಯ ಪೋರ್ಟ್ ಮಾಡಿದ್ದು, ಅದರ ಒಂದು ಗೋಡೆ ಡಬ್ಬದ ಗೋಡೆಯೇ ಆಗಿದ್ದರೆ ಗಾಳಿಗೆ ಅದು ಅಳತೆಗಿಂತ ಉದ್ದವಾಗಿ ಕಾಣುತ್ತದೆ, ಟ್ಯೂನಿಂಗ್ ಲೆಕ್ಕಕ್ಕಿಂತ ಕೆಳಗೆ ಬೀಳುತ್ತದೆ. ಅಂಥ ಪೋರ್ಟನ್ನು ಸ್ವಲ್ಪ ಸ್ವಲ್ಪ ಕೊಯ್ದು, ಪ್ರತಿ ಸಲ ಅಳೆಯುತ್ತಾ ಬರುವುದೇ ವಾಸಿ.

ಮೂರನೆಯದು ವೂಫರಿನ ಅಂಕಿಗಳು. ವಿಎಎಸ್ (ಕೋನಿನ ಹಿಡಿತದಷ್ಟೇ ಬಿಗಿ ಇರುವ ಗಾಳಿಯ ಗಾತ್ರ) ಕ್ಯೂಬಿಕ್ ಅಡಿಯಲ್ಲಿ ಕೊಟ್ಟಿದ್ದನ್ನು ಲೀಟರ್ ಅಂತ ಹಾಕಿಬಿಟ್ಟಿದ್ದೀರಾ? ಒಂದು ಕ್ಯೂಬಿಕ್ ಅಡಿ ಅಂದರೆ 28.3 ಲೀಟರ್. ಎಕ್ಸ್‌ಮ್ಯಾಕ್ಸ್ (ಕೋನ್ ಸರಿಯಾಗಿ ಆಡಬಲ್ಲ ದೂರ) ಒಂದು ಕಡೆಗೋ ಎರಡೂ ಕಡೆ ಸೇರಿಸಿಯೋ? 20 ಎಂ.ಎಂ. ಅಂತ ಎರಡೂ ಕಡೆ ಸೇರಿಸಿ ಕೊಟ್ಟಿದ್ದರೆ ನೀವು ಹಾಕಬೇಕಾದ್ದು 10. ಅಂಕಿಯ ಹಾಳೆಯೇ ಇಲ್ಲದ, ಹೆಸರಿಲ್ಲದ ವೂಫರ್ ಆದರೆ ಅಂದಾಜಿನ ಅಂಕಿ ಹಾಕಿ ಡಬ್ಬ ಮಾಡಬೇಡಿ. ಆರ್‌ಇಡಬ್ಲ್ಯು ಅನ್ನುವ ಅಳತೆಯ ಉಚಿತ ಪ್ರೋಗ್ರಾಂ, ಒಂದು 100 ಓಮ್ ರೆಸಿಸ್ಟರ್ ಮತ್ತು ಸೌಂಡ್ ಕಾರ್ಡಿನ ಹೆಡ್‌ಫೋನ್ ಔಟ್, ಲೈನ್ ಇನ್ ಇದ್ದರೆ ವೂಫರಿನ ಇಂಪಿಡೆನ್ಸ್ (ಒಂದೊಂದು ಹರ್ಟ್ಜಿಗೂ ಅದು ಕರೆಂಟಿಗೆ ಒಡ್ಡುವ ತಡೆ) ಅಳೆದು ಅಂಕಿಗಳನ್ನು ತೆಗೆಯಬಹುದು. ದೊಡ್ಡ ಆಂಪಿನ ಔಟ್‌ಪುಟ್ ನೇರ ಸೌಂಡ್ ಕಾರ್ಡಿಗೆ ಕೊಟ್ಟರೆ ಕಾರ್ಡ್ ಸುಡುತ್ತದೆ, ಎಚ್ಚರ.

ಅದೇ ಅಳತೆಯನ್ನು ವೂಫರ್ ಡಬ್ಬದಲ್ಲಿ ಕೂರಿಸಿದ ಮೇಲೂ ಮಾಡಿ. ಗ್ರಾಫಿನಲ್ಲಿ ಎರಡು ಗುಡ್ಡ, ನಡುವೆ ಒಂದು ಕಣಿವೆ ಕಾಣುತ್ತದೆ. ಕಣಿವೆಯ ತಳ ಎಲ್ಲಿದೆಯೋ ಅದೇ ಎಫ್‌ಬಿ, ಅಕ್ಕಿಗಿಂತ ನಿಖರ. ಒಂದೇ ಗುಡ್ಡ ಕಂಡರೆ ಪೋರ್ಟ್ ಕೆಲಸವೇ ಮಾಡುತ್ತಿಲ್ಲ, ಮುಚ್ಚಿಕೊಂಡಿದೆ ಅಂತ ಅರ್ಥ. ಗುಡ್ಡಗಳು ಮೊಂಡಾಗಿ, ಕಣಿವೆ ಆಳ ಇಲ್ಲದೆ ಬಂದರೆ ಸೋರಿಕೆ, ಅಥವಾ ಒಳಗೆ ಹತ್ತಿ ಜಾಸ್ತಿ ತುರುಕಿದ್ದೀರಿ.

ಸರಿಪಡಿಸುವುದು ಹೇಗೆ? ಅಳೆದ ಎಫ್‌ಬಿಯನ್ನು ಬೇಕಾದ ಎಫ್‌ಬಿಯಿಂದ ಭಾಗಿಸಿ ವರ್ಗ ಮಾಡಿ. ನನ್ನದು 36 ಭಾಗ 30, ಅಂದರೆ 1.2, ಅದರ ವರ್ಗ 1.44. ಈಗಿನ ಪೈಪಿನ ಉದ್ದಕ್ಕೆ ಒಳ ಅಗಲದ 0.73 ಪಾಲು ಸೇರಿಸಿ, ನನ್ನದು 23.5ಕ್ಕೆ 7.6 ಸೇರಿ 31.1. ಇದನ್ನು 1.44ರಿಂದ ಗುಣಿಸಿದರೆ 44.8. ಸೇರಿಸಿದ 7.6 ಕಳೆದರೆ 37 ಸೆಂ.ಮೀ. ಉದ್ದ ಪೈಪ್ ಇನ್ನಷ್ಟು ಗಾಳಿಯ ಜಾಗ ತಿನ್ನುವುದರಿಂದ 38 ಇಟ್ಟೆ. ಆದರೆ ಡಬ್ಬದ ಒಳ ಆಳವೇ 41.4. ನೇರ ಹಾಕಿದರೆ ಪೈಪಿನ ತುದಿಗೂ ಹಿಂದಿನ ಗೋಡೆಗೂ ಐದು ಸೆಂ.ಮೀ. ಉಳಿಯುತ್ತದೆ, ಅಲ್ಲಿ ಕಡೇಪಕ್ಷ ಪೈಪಿನ ಅಗಲದಷ್ಟು ಜಾಗ ಬೇಕು. ಅದಕ್ಕೆ ಒಂದು ಎಲ್ಬೋ ಹಾಕಿ ಪೈಪ್ ತಿರುಗಿಸಿದೆ. ಎಲ್ಬೋ ಇದ್ದರೆ ಉದ್ದವನ್ನು ನಡುಗೆರೆಯಲ್ಲಿ ಅಳೆಯಬೇಕು. ಅಕ್ಕಿ ಹಾಕಿ ನೋಡಿದರೆ 30 ಮತ್ತು 31ರ ನಡುವೆ ನಿಂತಿತು. ಒಟ್ಟು ಖರ್ಚು ಪೈಪ್ ತುಂಡು, ಎಲ್ಬೋ, ಅರ್ಧ ದಿನ.

ಯಾವ ಹಾಡು ಹಾಕಿದರೂ ಒಂದೇ ಗುಂಯ್

ಪೈಪಿನೊಳಗೆ ಒಂದು ದಪ್ಪ ಟವೆಲ್ ಸುರುಳಿ ತುರುಕಿ, ಸಣ್ಣ ವಾಲ್ಯೂಮಿನಲ್ಲಿ ಅದೇ ಹಾಡು ಕೇಳಿ. ಗುಂಯ್ ಹಾಗೇ ಉಳಿದರೆ ಕೋಣೆಯ ಗೋಡೆಗಳಿಂದ ಬರುತ್ತಿದೆ. 12 ಅಡಿಗೆ 15 ಅಡಿ ಕೋಣೆಯಲ್ಲಿ 37-38 ಹರ್ಟ್ಜ್ ಮತ್ತು 47 ಹರ್ಟ್ಜ್ ಹತ್ತಿರ ಅದರದೇ ಗುಂಯ್ ಇರುತ್ತದೆ, ಅದಕ್ಕೆ ಡಬ್ಬದ ಜಾಗ ಬದಲಿಸುವುದು, ಆಮೇಲೆ ಈಕ್ವಲೈಸರಿನಲ್ಲಿ ಆ ಜಾಗವನ್ನು ತಗ್ಗಿಸುವುದೇ ದಾರಿ.

ಟವೆಲ್ ಹಾಕಿದ ಕೂಡಲೇ ಬೇಸ್ ಬಿಗಿಯಾದರೆ ವೂಫರ್ ಮತ್ತು ಪೋರ್ಟ್ ಜೋಡಿ ಹೊಂದುತ್ತಿಲ್ಲ. ವೂಫರಿನ ಎಫ್‌ಎಸ್ (ವೂಫರಿನ ಸ್ವಂತ ಸ್ವರದ ಹರ್ಟ್ಜ್) ಅನ್ನು ಕ್ಯೂಇಎಸ್‌ನಿಂದ (ಆ ಸ್ವರವನ್ನು ಕಾಯಿಲ್, ಅಯಸ್ಕಾಂತ ಎಷ್ಟು ಹಿಡಿದಿಡುತ್ತವೆ ಅನ್ನುವ ಅಂಕಿ) ಭಾಗಿಸಿ. 100ರ ಹತ್ತಿರ ಅಥವಾ ಜಾಸ್ತಿ ಬಂದರೆ ಪೋರ್ಟ್ ಡಬ್ಬಕ್ಕೆ ಹೇಳಿ ಮಾಡಿಸಿದ ವೂಫರ್. 50ಕ್ಕಿಂತ ಕಡಿಮೆ ಬಂದರೆ ಮುಚ್ಚಿದ ಡಬ್ಬಕ್ಕೆ ವಾಸಿ. ಉದಾಹರಣೆಗೆ ಎಫ್‌ಎಸ್ 34, ಕ್ಯೂಇಎಸ್ 0.80 ಇದ್ದರೆ 42.5. ಕಾರಿಗೆ ಅಂತ ಬರುವ ವೂಫರುಗಳಲ್ಲಿ ಇಂಥವು ಬೇಕಾದಷ್ಟಿವೆ. ಅಂಥದ್ದಕ್ಕೆ ಪೈಪ್ ಹಾಕಿದರೆ ಗ್ರಾಫಿನಲ್ಲೇ ಒಂದು ಗೂನು ಕಾಣುತ್ತದೆ, ಅದನ್ನು ನೋಡಿಯೂ "ಬೇಸ್ ಜಾಸ್ತಿ ಬರುತ್ತದೆ, ಒಳ್ಳೆಯದೇ" ಅಂದುಕೊಳ್ಳುತ್ತೇವೆ, ಕಿವಿಗೆ ಆ ಗೂನೇ ಗುಂಯ್ ಆಗಿ ಕೇಳಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿ ಪೈಪಿನ ಜೊತೆ ಒದ್ದಾಡಬೇಡಿ. ಪೈಪ್ ತೆಗೆದು ರಂಧ್ರಕ್ಕೆ ಪ್ಲೈ ತುಂಡು ಕೂರಿಸಿ, ಅಂಟು, ಸ್ಕ್ರೂ ಹಾಕಿ ಮುಚ್ಚಿಬಿಡಿ.

ಪೈಪಿನಿಂದ ಬುಸ್ ಬುಸ್

ಸಣ್ಣ ಸದ್ದಿನಲ್ಲಿ ಇಲ್ಲ, ಜೋರು ಮಾಡಿದಾಗ ಮಾತ್ರ ಬರುತ್ತದೆ ಅಂದರೆ ಪೈಪಿನಲ್ಲಿ ಗಾಳಿ ತುಂಬಾ ವೇಗವಾಗಿ ಓಡುತ್ತಿದೆ. ಸಾಫ್ಟ್‌ವೇರಿನಲ್ಲಿ ಪೋರ್ಟಿನ ಗಾಳಿಯ ವೇಗದ ಗ್ರಾಫ್ ತೆರೆಯಿರಿ, ವ್ಯಾಟ್ ಜಾಗದಲ್ಲಿ ನಿಮ್ಮ ಆಂಪ್ ನಿಜವಾಗಿ ಕೊಡುವಷ್ಟು ಹಾಕಿ. ಒಂದು ವ್ಯಾಟ್ ಇದ್ದ ಹಾಗೇ ಬಿಟ್ಟು ನೋಡಿದವರು ಬಹಳ ಜನ. ಸೆಕೆಂಡಿಗೆ 17 ಮೀಟರ್ ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ಮೇಲೆ ಹೋದಷ್ಟೂ ಬುಸ್ ಜಾಸ್ತಿ.

ಕಡಿಮೆ ಖರ್ಚಿನ ಉಪಾಯ ಅಂಚು ಉರುಟು ಮಾಡುವುದು. ಪೈಪಿನ ಚೂಪು ಅಂಚಿಗೆ ತಾಗಿ ಗಾಳಿ ಸೀಳುತ್ತದೆ. ಹೊರಗಿನ ಬಾಯಿಯ ಮರವನ್ನು ರೌಟರಿನಲ್ಲಿ ಗುಂಡಗೆ ಮಾಡಿ, ಒಳಗಿನ ತುದಿಗೂ ಮಾಡಿ. ಒಳಗಿನ ತುದಿಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

ಅಷ್ಟಕ್ಕೂ ಹೋಗದಿದ್ದರೆ ಪೈಪ್ ದೊಡ್ಡದಾಗಬೇಕು, ಅಲ್ಲಿಂದ ಕಷ್ಟ ಶುರು. 60 ಲೀಟರ್, 30 ಹರ್ಟ್ಜಿಗೆ 104 ಎಂ.ಎಂ. ಒಂದು ಪೈಪ್ ಆದರೆ ಸುಮಾರು 40 ಸೆಂ.ಮೀ. ಸಾಕು. ಅಂಥವೇ ಎರಡು ಹಾಕಿದರೆ ಒಂದೊಂದೂ 87 ಸೆಂ.ಮೀ. ಬೇಕು. ಡಬ್ಬದಲ್ಲಿ ಎಲ್ಲಿ ಹಿಡಿಸುವುದು? ಎರಡನೇ ಪೈಪ್ ಹಾಕಿ ಉದ್ದ ಅಷ್ಟೇ ಬಿಟ್ಟರೆ ಟ್ಯೂನಿಂಗ್ 40 ದಾಟಿ ಹೋಗುತ್ತದೆ. ಹಾಗಾಗಿ ಹೊಸ ಡಬ್ಬ ಮಾಡುವ ಮುಂಚೆಯೇ ಈ ಗ್ರಾಫ್ ನೋಡಬೇಕು. ಆಗಿಹೋದ ಡಬ್ಬಕ್ಕೆ ಉಳಿದದ್ದು ವಾಲ್ಯೂಮ್ ಸ್ವಲ್ಪ ತಗ್ಗಿಸುವುದು, ಇಲ್ಲವೇ ಮುಂದಿನ ಭಾಗದಲ್ಲಿ ಹೇಳುವ ಫಿಲ್ಟರ್.

ಪೈಪಿನಿಂದ ಗಾಯಕರ ದನಿ ಕೇಳಿಸುತ್ತಿದ್ದರೆ ಅದು ಬೇರೆ ವಿಷಯ. ಮೇಲಿನ ಸ್ವರಗಳನ್ನು ತಡೆಯುವ ಆಂಪಿನ ಲೋಪಾಸ್ ಫಿಲ್ಟರ್ 80 ಹರ್ಟ್ಜ್ ಹತ್ತಿರ ಇದೆಯಾ ನೋಡಿ.

ಕೋನ್ ಹುಚ್ಚಾಪಟ್ಟೆ ಆಡುತ್ತದೆ, ಟಕ್ ಟಕ್ ಅನ್ನುತ್ತದೆ

ವಾಲ್ಯೂಮ್ ಈಗಲೇ ಇಳಿಸಿ, ಆಮೇಲೆ ಓದಿ. ಆ ಟಕ್ ಸದ್ದು ಕಾಯಿಲ್ ಹೋಗಿ ಹಿಂದಿನ ಕಬ್ಬಿಣಕ್ಕೆ ಬಡಿಯುವುದು. ಹತ್ತು ಸಲ ಬಡಿದರೆ ಕಾಯಿಲ್ ಸೊಟ್ಟಗಾಗಿ ಉಜ್ಜಲು ಶುರು ಮಾಡುತ್ತದೆ.

ಮುಚ್ಚಿದ ಡಬ್ಬದಲ್ಲಿ ಒಳಗಿನ ಗಾಳಿ ಕೋನನ್ನು ಸ್ಪ್ರಿಂಗ್ ಥರ ಹಿಡಿದಿರುತ್ತದೆ. ಪೋರ್ಟ್ ಡಬ್ಬದಲ್ಲಿ ಎಫ್‌ಬಿಗಿಂತ ಕೆಳಗೆ ಆ ಹಿಡಿತ ಬಿಟ್ಟುಹೋಗುತ್ತದೆ, ಗಾಳಿ ಸುಮ್ನೆ ಪೈಪಿನಿಂದ ಬಂದು ಹೋಗುತ್ತದೆ. ಕೋನ್ ಬಯಲಿನಲ್ಲಿ ಇದ್ದ ಹಾಗೆ ಆಡುತ್ತದೆ, ಸದ್ದೂ ಹುಟ್ಟುವುದಿಲ್ಲ. ಸಾಫ್ಟ್‌ವೇರಿನಲ್ಲಿ ಕೋನ್ ಚಲನೆಯ ಗ್ರಾಫ್ ತೆರೆದರೆ ಎಫ್‌ಬಿಯಲ್ಲಿ ಒಂದು ಗುಂಡಿ, ಅದರ ಎಡಕ್ಕೆ ಕಡಿದಾಗಿ ಏರುವ ಗೆರೆ ಕಾಣುತ್ತದೆ. ಅದು ಎಕ್ಸ್‌ಮ್ಯಾಕ್ಸ್ ಗೆರೆಯನ್ನು ಎಲ್ಲಿ ದಾಟುತ್ತದೆ ನೋಡಿ. ಸಿನಿಮಾ, ಡಿಜೆ ಹಾಡುಗಳಲ್ಲಿ ಅಲ್ಲಿಗೂ ಸಿಗ್ನಲ್ ಇರುತ್ತದೆ.

ಮದ್ದು ಒಂದೇ, ತೀರಾ ಕೆಳಗಿನ ಹರ್ಟ್ಜ್ ಕಡಿಯುವ ಸಬ್‌ಸೋನಿಕ್ ಫಿಲ್ಟರ್. ಆಂಪಿನಲ್ಲೋ ಕ್ರಾಸ್‌ಓವರಿನಲ್ಲೋ ಇದ್ದರೆ 30ರ ಡಬ್ಬಕ್ಕೆ 25-26 ಹರ್ಟ್ಜ್ ಇಡಿ, 24 ಡಿಬಿ ಇಳಿಜಾರು (ಕಡಿತ ಎಷ್ಟು ಕಡಿದಾಗಿದೆ ಅನ್ನುವ ಅಂಕಿ) ಇದ್ದರೆ ಅದನ್ನೇ ಆರಿಸಿ. ಪೋರ್ಟ್ ಡಬ್ಬ ಮಾಡಿದವರೆಲ್ಲರ ಹತ್ತಿರ ಇದು ಇರಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬೇಸ್ ಬೂಸ್ಟ್ ಬಟನ್ ಮಾತ್ರ ಮುಟ್ಟಬೇಡಿ.

ಆಂಪ್ ಬಿಸಿಯಾಗಿ ಆಫ್ ಆಗುತ್ತದೆ

ಪ್ಲಗ್ ಕಿತ್ತು, ವೂಫರ್ ವೈರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಓಮ್ ನೋಡಿ. 4 ಓಮ್ ವೂಫರ್ 3.2ರಿಂದ 3.6 ತೋರಿಸುತ್ತದೆ, ಅದು ಸರಿ. 4+4 ಕಾಯಿಲ್ ವೂಫರನ್ನು ಪ್ಯಾರಲಲ್ ಮಾಡಿದರೆ 1.7 ಹತ್ತಿರ, ಸೀರೀಸ್ ಮಾಡಿದರೆ 7 ಹತ್ತಿರ. ಆಂಪ್ 4 ಓಮ್‌ವರೆಗೆ ಮಾತ್ರ ಅಂತ ಬರೆದಿದ್ದು ನೀವು 1.7 ಕೊಟ್ಟಿದ್ದರೆ ಕಾರಣ ಸಿಕ್ಕಿತು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಓಮ್ ಸರಿ ಇದ್ದೂ ಬಿಸಿಯಾದರೆ, ವೂಫರ್ ಇಲ್ಲದೆ ಆಂಪ್ ಆನ್ ಮಾಡಿ ಸ್ಪೀಕರ್ ಟರ್ಮಿನಲ್ಲಿನ ಡಿಸಿ ವೋಲ್ಟ್ ನೋಡಿ. ಹತ್ತಾರು ಮಿಲಿವೋಲ್ಟ್ ಪರವಾಗಿಲ್ಲ. ವೋಲ್ಟುಗಟ್ಟಲೆ ಬಂದರೆ ವೂಫರ್ ಮತ್ತೆ ಹಾಕಬೇಡಿ, ಆಂಪನ್ನು ರಿಪೇರಿಗೆ ಕೊಡಿ.

ಹೋದ ವರ್ಷ ಚೆನ್ನಾಗಿತ್ತು, ಮಳೆಗಾಲ ಕಳೆದ ಮೇಲೆ ಕೆಟ್ಟಿದೆ

ಅರಸೀಕೆರೆ ಕಡೆಯವರಿಗೆ ಇದರ ಚಿಂತೆ ಇಲ್ಲ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಇದು ನಿಜವಾದ ಸಮಸ್ಯೆ. ಮೂಡಿಗೆರೆ ಹತ್ತಿರದ ಗೆಳೆಯನ ಡಬ್ಬ ಪಾರ್ಟಿಕಲ್ ಬೋರ್ಡಿನದು. ನೆಲಕ್ಕೆ ತಾಗಿಸಿ ಇಟ್ಟಿದ್ದ. ಆಗಸ್ಟಿನಲ್ಲಿ ಹೋಗಿ ನೋಡಿದರೆ ಕೆಳಗಿನ ಅಂಚು ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಸ್ಕ್ರೂ ಬಿಗಿ ಮಾಡಿದರೆ ಸುಮ್ನೆ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಊದುಬತ್ತಿ ಹಿಡಿದರೆ ಕೆಳಗಿನ ಮೂಲೆಯುದ್ದಕ್ಕೂ ಹೊಗೆ ಚದುರಿತು. ಅವರ ಅಮ್ಮ "ಒಲೆ ಪಕ್ಕ ಇಟ್ಟು ಒಣಗಿಸೋಣ ಬಿಡ್ರಪ್ಪ" ಅಂದರು, ಆದರೆ ಉಬ್ಬಿದ ಬೋರ್ಡ್ ಒಣಗಿದರೂ ಹಳೆಯ ಆಕಾರಕ್ಕೆ ಬರುವುದಿಲ್ಲ. ಅಂಥ ಡಬ್ಬಕ್ಕೆ ಸಿಲಿಕೋನ್ ಸುರಿಯುವುದು ದಂಡ. ವೂಫರ್, ಪೈಪ್, ಟರ್ಮಿನಲ್ ಬಿಚ್ಚಿಕೊಂಡು ಹೊಸದಾಗಿ ಮಾಡಿ.

ಹೊಸದಕ್ಕೆ ನೀರು ತಡೆಯುವ ಪ್ಲೈ, ಅಂದರೆ ಐಎಸ್ 710 ಅಂತ ಮುದ್ರೆ ಇರುವುದು ತನ್ನಿ. ಐಎಸ್ 303 ಕಮರ್ಷಿಯಲ್ ಪ್ಲೈ ಹಾಸನದ ಪೇಟೆಗೆ ಸಾಕು, ಘಟ್ಟದ ಅಂಚಿಗೆ ಸಾಲದು. ಕೊಯ್ದ ಅಂಚುಗಳಿಗೆ ಒಳಗೂ ಹೊರಗೂ ಪೇಂಟ್ ಹೊಡೆಯಿರಿ, ನೀರು ಹೀರುವುದೇ ಅಲ್ಲಿಂದ. ಕೆಳಗೆ ರಬ್ಬರ್ ಕಾಲು ಇರಲಿ. ಪೇಪರ್ ಕೋನ್ ಮೇಲೆ ಬೂಸಲು ಕಂಡರೆ ಒಣ ಬ್ರಷ್‌ನಲ್ಲಿ ಮೆಲ್ಲಗೆ ತೆಗೆಯಿರಿ, ನೀರು ಬಟ್ಟೆ ಹಾಕಬೇಡಿ. ಟರ್ಮಿನಲ್ ಹಸಿರುಗಟ್ಟಿದ್ದರೆ ಉಜ್ಜಿ ಹೊಸದಾಗಿ ಬಿಗಿಯಿರಿ, ಬಿಟ್ಟು ಬಿಟ್ಟು ಬರುವ ಸದ್ದಿಗೆ ಎಷ್ಟೋ ಸಲ ಅದೇ ಕಾರಣ.

ಹೊಸ ಡಬ್ಬ ಆದ ದಿನವೇ ಅಕ್ಕಿ ಹಾಕಿ ಎಫ್‌ಬಿ ನೋಡಿ, ಹಿಂದಿನ ಹಲಗೆಯ ಮೇಲೆ ಮಾರ್ಕರಿನಲ್ಲಿ ಬರೆದಿಡಿ: ಒಳಗಿನ ನಿವ್ವಳ ಲೀಟರ್, ಪೈಪಿನ ಒಳ ಅಗಲ, ಉದ್ದ, ಅಳೆದ ಎಫ್‌ಬಿ, ತಾರೀಕು. ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ಪಕ್ಕದಲ್ಲಿ ಬರೆಯಿರಿ. ಗೆಳೆಯನ ಹೊಸ ಡಬ್ಬದ ಹಿಂದೆ ಈಗ ಎರಡು ಸಾಲು ಇವೆ, ಎರಡರಲ್ಲೂ 31.